ಮಳೆಗೆ ಕ್ವೆರಿ ಹಾಕೋಕಾಗುತ್ತಾ ಮೇಡಂ?

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಕೇಳಿದರು, "ಈಗ ಎಲ್ಲಿ ಪುಟ್ಟಿ ನಿನ್ನ ಕೆಲಸ?"

"ಪರಿಸರದ ಕೆಲಸಗಳಿಗೆ ದುಡ್ಡು ಕೊಡೋ ಒಂದು ಸಂಸ್ಥೇಲಿ ದೊಡ್ಡಮ್ಮ."

"ಅಂದ್ರೆ ಗಿಡ ನೆಡ್ತೀಯಾ?"

"ಇಲ್ಲ, ಗಿಡ ನೆಡೋರಿಗೆ ದುಡ್ಡು ಸರಿಯಾಗಿ ಹೋಗೋ ಹಾಗೆ ನೋಡ್ಕೋತೀನಿ."

ದೊಡ್ಡಮ್ಮ ಸ್ವಲ್ಪ ಯೋಚಿಸಿ, "ಹಂಗಾದ್ರೆ ದುಡ್ಡೂ ನಿಂದಲ್ಲ, ಗಿಡಾನೂ ನಿಂದಲ್ಲ. ಮಧ್ಯೆ ನೀನೇನ್ ಮಾಡ್ತೀಯ?" ಅಂದರು. ಅಷ್ಟರಲ್ಲಿ ಹೋಳಿಗೆ ಬಂತು, ನಾನು ಬಚಾವಾದೆ.

ಆದರೆ ಆ ಪ್ರಶ್ನೆ ಬಚಾವಾಗಲು ಬಿಡಲಿಲ್ಲ. ಆರು ವರ್ಷದಿಂದ ಬೆಂಗಳೂರಿನ ಒಂದು ಪ್ರತಿಷ್ಠಾನದಲ್ಲಿ ಗ್ರಾಂಟ್ ಆಫೀಸರ್ ಆಗಿದ್ದೇನೆ. ಕೆರೆ, ಕಲ್ಯಾಣಿ, ಗುಂಡುತೋಪು, ಕಸ ವಿಂಗಡಣೆ, ಬೀಜ ಸಂಗ್ರಹ ಹೀಗೆ ಹತ್ತಾರು ಕೆಲಸಗಳಿಗೆ ನಾವು ಅನುದಾನ ಕೊಡುತ್ತೇವೆ. ಈ ಮಧ್ಯದ ಕೆಲಸ ಏನು ಅಂತ ನನಗೇ ಸರಿಯಾಗಿ ಗೊತ್ತಾಗಿದ್ದು ಕೋಲಾರ ಜಿಲ್ಲೆಯ ಒಂದು ಸಣ್ಣ ಕೆರೆಯ ಏರಿ ಮೇಲೆ. ಅದೂ ನನ್ನ ತಪ್ಪಿನಿಂದ.

ದುಡ್ಡು ಎಲ್ಲಿಂದ ಬರುತ್ತೆ?

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ನಿಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡೋ ಕಂಪನಿಗೂ ಇದಕ್ಕೂ ಸಂಬಂಧ ಇದೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದಿರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದೇ ಸಿಎಸ್‌ಆರ್. ಯಾವ ಕೆಲಸಕ್ಕೆ ಅನ್ನೋದು ಕಾಯ್ದೆಯ 7ನೇ ಶೆಡ್ಯೂಲ್‌ನಲ್ಲಿದೆ. ಪರಿಸರ ಸಮತೋಲನ, ಗಿಡಮರ ಪ್ರಾಣಿಗಳ ರಕ್ಷಣೆ, ಮಣ್ಣು ನೀರು ಗಾಳಿಯ ಗುಣಮಟ್ಟ ಎಲ್ಲ ಅದರಲ್ಲಿ ಸೇರಿವೆ.

ಕಂಪನಿಯವರು ನೇರವಾಗಿ ಹಳ್ಳಿಗೆ ಹೋಗಿ ಹೂಳೆತ್ತೋದು ಕಡಿಮೆ. ಸ್ಥಳೀಯ ಸಂಸ್ಥೆಗಳ ಮೂಲಕ ಮಾಡಿಸುತ್ತಾರೆ. ಅಂಥ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನೋ ಫಾರಂ ತುಂಬಿ ನೋಂದಣಿ ಸಂಖ್ಯೆ ಪಡೆಯಬೇಕು. ಜತೆಗೆ 12ಎ, 80ಜಿ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ಟ್ರಸ್ಟ್ ಡೀಡ್. ಕೆರೆ ಕೆಲಸ ಅಂದರೆ ಗ್ರಾಮ ಪಂಚಾಯಿತಿ ಠರಾವು, ಇಲಾಖೆಯ ಅನುಮತಿ ಪತ್ರ. ವಿದೇಶದ ದೇಣಿಗೆ ಆದರೆ ಎಫ್‌ಸಿಆರ್‌ಎ. 2020ರ ತಿದ್ದುಪಡಿ ಆದಮೇಲೆ ಆ ದುಡ್ಡನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸೋ ಹಾಗಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ, ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಓದೋಕೇ ಸುಸ್ತಾಯ್ತಾ? ಈಗ ಇದನ್ನೆಲ್ಲ ಹಳ್ಳಿಯಲ್ಲಿ ಕೂತ, ಕಂಪ್ಯೂಟರ್ ಇಲ್ಲದ, ಆದರೆ ಕೆರೆಯ ಬಗ್ಗೆ ಎಲ್ಲ ಗೊತ್ತಿರೋ ಒಬ್ಬ ಹಿರಿಯರು ತುಂಬಬೇಕು ಅಂದುಕೊಳ್ಳಿ. ಅವರಿಗೂ ದುಡ್ಡು ಕೊಡುವವರಿಗೂ ನಡುವೆ ಇರೋಳು ನಾನು.

ನಮ್ಮ ಮೇಜಿನ ಮೇಲಿನ ಒಂದು ವರ್ಷ

ನಮ್ಮ ಕೆಲಸಕ್ಕೂ ಒಂದು ಪಂಚಾಂಗ ಇದೆ. ಜೂನ್ ಜುಲೈನಲ್ಲಿ ಅರ್ಜಿಗಳು. ಆಮೇಲೆ ಸ್ಥಳ ಪರಿಶೀಲನೆ, ಬಜೆಟ್ ಚರ್ಚೆ, ಒಪ್ಪಂದ. ನಂತರ ಕಂತು ಕಂತಾಗಿ ದುಡ್ಡು. ಪ್ರತಿ ಕಂತಿನ ಮುಂದೆಯೂ ಹಿಂದಿನ ಕಂತಿನ ವರದಿ, ವೋಚರ್‌ಗಳು ಮತ್ತು ಬಳಕೆ ಪ್ರಮಾಣಪತ್ರ. ನಾವು ಅದನ್ನು ಯುಸಿ ಅಂತೀವಿ. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಸಹಿ ಮತ್ತು ಯುಡಿಐಎನ್ ಅನ್ನೋ 18 ಅಂಕಿಯ ಸಂಖ್ಯೆ ಬೇಕು.

ಮಾರ್ಚ್ ಬಂದರೆ ನಮ್ಮನೇಲಿ ನನ್ನ ಮುಖ ಯಾರೂ ನೋಡಲ್ಲ. ಆ ವರ್ಷ ಖರ್ಚಾಗದ ಸಿಎಸ್‌ಆರ್ ಹಣಕ್ಕೆ ಕಾನೂನಿನಲ್ಲಿ ಎರಡು ದಾರಿ. ಮುಂದುವರಿಯುತ್ತಿರುವ ಯೋಜನೆಯದಾದರೆ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ಹಣಕಾಸು ವರ್ಷದೊಳಗೆ ಬಳಸಬೇಕು. ಅಲ್ಲದಿದ್ದರೆ ಆರು ತಿಂಗಳೊಳಗೆ ಶೆಡ್ಯೂಲ್‌ನಲ್ಲಿ ಹೇಳಿದ ನಿಧಿಗೆ ಕಟ್ಟಬೇಕು. ಹಾಗಾಗಿ ಫೆಬ್ರುವರಿಯಲ್ಲಿ ಕಂಪನಿಯವರ ಫೋನ್ ಶುರು. "ಮೇಡಂ, ಮಾರ್ಚ್ 31ರೊಳಗೆ ಒಂದು 50 ಸಾವಿರ ಗಿಡ ನೆಡಿಸೋಕಾಗುತ್ತಾ?" ಅಂತ ಒಬ್ಬರು ಕೇಳಿದ್ದರು. ಮಾರ್ಚ್ ಬಿಸಿಲಿಗೆ ಸಸಿ ನೆಟ್ಟರೆ ಏನಾಗುತ್ತೆ ಅಂತ ಮನೆ ಮುಂದೆ ತುಳಸಿ ಗಿಡ ಇಟ್ಟವರಿಗೂ ಗೊತ್ತು. ಇಲ್ಲ ಸರ್, ಜೂನ್‌ವರೆಗೂ ಕಾಯಬೇಕು ಅಂದೆ. ಆ ದುಡ್ಡು ಬೇರೆ ಕಡೆ ಹೋಯಿತು.

ಹೀಗೆ ಪಾಠ ಹೇಳಿದ ನಾನೇ ಋತು ಮರೆತೆ.

28,500 ರೂಪಾಯಿ

ಆ ಕೆರೆಯ ಸಂಸ್ಥೆ ಅಂದರೆ ನಿವೃತ್ತ ಮೇಷ್ಟ್ರು ಒಬ್ಬರು, ಊರಿನ ಏಳೆಂಟು ಜನ, ಒಂದು ಕೋಣೆ. 18 ಲಕ್ಷದ ಅನುದಾನ. ಹೂಳೆತ್ತಬೇಕು, ತೂಬು ದುರಸ್ತಿ ಮಾಡಬೇಕು, ಕೋಡಿಯ ಕಲ್ಲು ಕಟ್ಟಡ ಸರಿಪಡಿಸಬೇಕು. ಹಿಟಾಚಿ ಬಾಡಿಗೆ ನಮ್ಮದು. ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಅರ್ಧ ನಮ್ಮದು, ಅರ್ಧ ಹೂಳು ತೆಗೆದುಕೊಂಡು ಹೋಗುವ ರೈತರದ್ದು. ಕೆರೆ ಗೋಡು ಹೊಲಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ, ಹಾಗಾಗಿ ರೈತರೂ ಖುಷಿಯಾಗಿ ಒಪ್ಪಿದ್ದರು.

ಮೊದಲ ಕಂತು ಶೇ 40, ಅಂದರೆ 7,20,000 ರೂಪಾಯಿ, ಫೆಬ್ರುವರಿ ಕೊನೆಗೆ ಹೋಯಿತು. ಏಪ್ರಿಲ್ 12ಕ್ಕೆ ಯುಸಿ ಬಂತು. ಕೂತು ಕೂಡಿದೆ. ಯುಸಿಯಲ್ಲಿ 7,20,000. ನಮ್ಮ ಬಜೆಟ್ ತಲೆಬರಹಕ್ಕೆ ಹೊಂದುವ ವೋಚರ್‌ಗಳು 6,91,500. ಉಳಿದ 28,500ಕ್ಕೆ ಒಂದು ಬಿಳಿ ಹಾಳೆಯಲ್ಲಿ ದುಂಡು ಅಕ್ಷರದಲ್ಲಿ ಬರೆದಿತ್ತು: "ಗಂಗಮ್ಮನ ಪೂಜೆ 6,500. ಡ್ರೈವರ್‌ಗಳು ಮತ್ತು ಕೆಲಸದವರ ಊಟ 11 ದಿನಕ್ಕೆ 22,000."

ನಮ್ಮ ಒಪ್ಪಂದದ ಪ್ರಕಾರ ಧಾರ್ಮಿಕ ಖರ್ಚಿಗೆ ಅವಕಾಶ ಇಲ್ಲ. ಊಟಕ್ಕೆ ಬಜೆಟ್‌ನಲ್ಲಿ ಸಾಲೇ ಇಲ್ಲ. ಟ್ರ್ಯಾಕ್ಟರ್ ವೋಚರ್‌ಗಳಲ್ಲಿ ಕೆಲವಕ್ಕೆ ಹೆಬ್ಬೆಟ್ಟು ಮಾತ್ರ, ಗಾಡಿ ನಂಬರ್ ಇಲ್ಲ. ಒಂದು ವೋಚರ್‌ನಲ್ಲಿ ಒಬ್ಬರಿಗೇ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರು. ಟ್ರಸ್ಟ್‌ಗಳಿಗೂ ಆದಾಯ ತೆರಿಗೆಯಲ್ಲಿ ಅದು ತೊಡಕಾಗುತ್ತೆ.

ಏಪ್ರಿಲ್ 15ಕ್ಕೆ ಒಂಬತ್ತು ಅಂಶದ ಕ್ವೆರಿ ಟೈಪ್ ಮಾಡಿದೆ. ಇಂಗ್ಲಿಷಿನಲ್ಲಿ. ಇ-ಮೇಲ್ ಕಳಿಸಿದೆ. ಫೈಲನ್ನು 'ತಡೆಹಿಡಿಯಲಾಗಿದೆ' ಅನ್ನೋ ಪಟ್ಟಿಗೆ ಸೇರಿಸಿ ಇನ್ನೊಂದು ಫೈಲ್ ತೆಗೆದೆ. ಆವತ್ತು ನನ್ನ ಮಟ್ಟಿಗೆ ನಾನು ಕೆಲಸ ಚೆನ್ನಾಗಿ ಮಾಡಿದ್ದೆ.

ಮೇಷ್ಟ್ರ ಇ-ಮೇಲ್ ನೋಡುತ್ತಿದ್ದದ್ದು ಅವರ ಮೊಮ್ಮಗ. ಅವನಿಗೆ ಕಾಲೇಜಿನ ಪರೀಕ್ಷೆ. ಹತ್ತು ದಿನ ಆದಮೇಲೆ ನೋಡಿದ. ಇವರು ಬಸ್ ಹತ್ತಿ ಕೋಲಾರಕ್ಕೆ ಹೋಗಿ ಆಡಿಟರ್ ಹತ್ತಿರ ಕೂತು ಉತ್ತರ ಬರೆಸಿದರು. ನಾನು ಅದರ ಮೇಲೆ ಇನ್ನೆರಡು ಪ್ರಶ್ನೆ ಹಾಕಿದೆ. ಕೊನೆಗೆ ಎರಡನೇ ಕಂತು ಅವರ ಖಾತೆ ಸೇರಿದ್ದು ಮೇ 8ಕ್ಕೆ. ಒಟ್ಟು 23 ದಿನ.

ಆ 23 ದಿನದ ಮಧ್ಯೆ, ಮೇ 3 ಮತ್ತು 4ರ ರಾತ್ರಿ, ಭರಣಿ ಮಳೆ ಬಂತು.

ಏರಿ ಮೇಲೆ

ಮೇ ಮೂರನೇ ವಾರದಲ್ಲಿ ಸ್ಥಳ ಪರಿಶೀಲನೆಗೆ ಹೋದೆ. ಮೇಷ್ಟ್ರು ಬಸ್ ಸ್ಟಾಪಿಗೇ ಬಂದಿದ್ದರು. ಏನೂ ಹೇಳಲಿಲ್ಲ. ಎಳನೀರು ಕುಡಿಸಿ ಏರಿ ಮೇಲೆ ಕರೆದುಕೊಂಡು ಹೋದರು.

ಹಿಟಾಚಿ ಅಗೆದ ಮಣ್ಣನ್ನು ಕೆರೆಯ ಒಳಮಗ್ಗುಲಲ್ಲೇ ಗುಡ್ಡೆ ಹಾಕಿದ್ದರು. ಅಲ್ಲಿಂದ ಟ್ರ್ಯಾಕ್ಟರ್‌ಗಳು ಹೊಲಕ್ಕೆ ಒಯ್ಯಬೇಕಿತ್ತು. ದುಡ್ಡು ಮುಗಿದಾಗ ಡ್ರೈವರ್‌ಗಳು ನಿಂತರು. ಬೇರೆ ಕಡೆ ಇಟ್ಟಿಗೆ, ಜಲ್ಲಿ ಹೊಡೆಯೋಕೆ ಹೋದರು, ಅವರದ್ದೂ ಸಾಲದ ಕಂತು ಇರುತ್ತಲ್ಲ. ಸುಮಾರು 400 ಲೋಡ್ ಗುಡ್ಡೆ ಹಾಗೇ ಉಳಿದಿತ್ತು. ಎರಡು ರಾತ್ರಿಯ ಮಳೆಗೆ ಅದರಲ್ಲಿ ಅರ್ಧದಷ್ಟು ಜಾರಿ ವಾಪಸ್ ಕೆರೆಗೇ ಸೇರಿಕೊಂಡಿತ್ತು.

ಲೆಕ್ಕ ನನ್ನ ಕಸುಬು, ಅಲ್ಲೇ ನಿಂತು ಹಾಕಿದೆ. ಒಂದು ಟ್ರ್ಯಾಕ್ಟರ್ ಲೋಡ್ ಹೆಚ್ಚುಕಡಿಮೆ 3 ಘನ ಮೀಟರ್. 200 ಲೋಡ್ ಅಂದರೆ 600 ಘನ ಮೀಟರ್. ಒಂದು ಘನ ಮೀಟರ್ ಹೂಳು ತೆಗೆದರೆ 1,000 ಲೀಟರ್ ನೀರಿಗೆ ಜಾಗ. ಅಲ್ಲಿಗೆ 6 ಲಕ್ಷ ಲೀಟರ್. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರೋ 12,000 ಲೀಟರಿನ ದೊಡ್ಡ ಟ್ಯಾಂಕರ್ ಲೆಕ್ಕದಲ್ಲಿ 50 ಟ್ಯಾಂಕರ್. 28,500 ರೂಪಾಯಿಗೆ ಲೆಕ್ಕ ಕೇಳಿದ್ದಕ್ಕೆ ಒಂದು ಊರಿನ 50 ಟ್ಯಾಂಕರ್ ನೀರಿನ ಜಾಗ ಹೋಗಿತ್ತು. ಆ ಮಣ್ಣು ಅಗೆಯೋಕೆ ಕೊಟ್ಟ ಹಿಟಾಚಿ ಬಾಡಿಗೆ ಬೇರೆ.

ಅಲ್ಲಿ ನೀರುಗಂಟಿ ತಾತ ಕೂತಿದ್ದರು. ಕೋಲಾರದ ಕಡೆ ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗೆ ಸರದಿ ಪ್ರಕಾರ ನೀರು ಬಿಡುವವರಿಗೆ ನೀರುಗಂಟಿ ಅನ್ನುತ್ತಾರೆ. ಇವರ ಮನೆತನಕ್ಕೆ ಅದೇ ಕೆಲಸ. ಈಗ ತೂಬಿಗೆ ನೀರು ಬರೋದೇ ಅಪರೂಪ, ಆದರೂ ದಿನಾ ಏರಿ ಮೇಲೆ ಒಂದು ಸುತ್ತು ಹೊಡೀತಾರಂತೆ. ನನ್ನನ್ನು ನೋಡಿ ಮೇಷ್ಟ್ರನ್ನು ಕೇಳಿದರು, "ದುಡ್ಡು ನಿಲ್ಸಿದ್ದು ಇವ್ರೇನಾ?"

ಮೇಷ್ಟ್ರು ಮುಜುಗರದಿಂದ, "ನಿಲ್ಸಿದ್ದಲ್ಲಪ್ಪ, ಕ್ವೆರಿ ಹಾಕಿದ್ರು. ಪ್ರಶ್ನೆ ಕೇಳಿದ್ರು ಅಂತ" ಅಂದರು.

ತಾತ ನನ್ನ ಕಡೆ ತಿರುಗಿ ತುಂಬಾ ಮರ್ಯಾದೆಯಿಂದಲೇ ಕೇಳಿದರು, "ಮಳೆಗೆ ಹಾಕೋಕಾಗುತ್ತಾ ಮೇಡಂ, ಅದು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ವಾಪಸ್ ಬರುವಾಗ ಮೇಷ್ಟ್ರು ಹೇಳಿದ್ದು ಇಷ್ಟೇ: "ನೀವು ಕೇಳಿದ್ದು ತಪ್ಪಲ್ಲಮ್ಮ. ದುಡ್ಡು ಕೊಟ್ಟವರು ಕೇಳಲೇಬೇಕು. ಒಂದು ಫೋನ್ ಮಾಡಿದ್ರೆ ನಾನು ಅವತ್ತೇ ಹೇಳ್ತಿದ್ದೆ. ಪೂಜೆ ಖರ್ಚು ಆಗಲ್ಲ ಅಂದಿದ್ರೆ ನನ್ನ ಪೆನ್ಶನ್‌ನಲ್ಲಿ ಕೊಡ್ತಿದ್ದೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಹಾಗಂತ ಕೇಳದೇ ಇರೋದಾ?

ಇಲ್ಲ. ಇನ್ನೊಂದು ಫೈಲಿನ ಕಥೆಯನ್ನೂ ಹೇಳಬೇಕು.

ಬೇರೆ ಜಿಲ್ಲೆಯ ಒಂದು ಸಂಸ್ಥೆ. ಎರಡು ಊರಿನಲ್ಲಿ ಹೊಂಗೆ, ಬೇವು, ನೇರಳೆ, ಹುಣಸೆ ಸಸಿ ನೆಡುವ ಯೋಜನೆ. ಅವರ ವರದಿ ನೋಡಿದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಖುಷಿ. ಬಣ್ಣದ ಮುಖಪುಟ, ಇಂಗ್ಲಿಷ್ ಅಚ್ಚುಕಟ್ಟು, ಪ್ರತಿ ಬಿಲ್ಲಿಗೂ ಜಿಎಸ್‌ಟಿ ನಂಬರ್, ಯುಸಿ ಪೈಸೆ ಸಮೇತ ತಾಳೆ. ನಾನು ಒಂದೂ ಕ್ವೆರಿ ಹಾಕಲಿಲ್ಲ. ಹಾಕೋಕೆ ಏನೂ ಇರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಸುಮ್ಮನೆ ಫೋಟೊ ನೋಡುತ್ತಿದ್ದೆ. ಮೊದಲನೇ ಊರಿನ ಫೋಟೊದಲ್ಲಿ ಹಿಂದೆ ಒಂದು ನೀಲಿ ಡ್ರಮ್, ಅದರ ಅಂಚು ಒಂದು ಕಡೆ ಸೀಳಿದೆ. ಎರಡನೇ ಊರಿನ ಫೋಟೊದಲ್ಲೂ ಅದೇ ಡ್ರಮ್, ಅದೇ ಸೀಳು. ಡ್ರಮ್ ಊರಿಂದೂರಿಗೆ ಹೋಗಿರಬಹುದು. ಆದರೆ ಹಿಂದಿನ ಬೇಲಿ ಕಲ್ಲುಗಳೂ ಹೋಗಿದ್ದವು.

ಫೆಬ್ರುವರಿಯಲ್ಲಿ ಹೇಳದೇ ಹೋದೆವು. ಒಂದು ಸಾಲಿನಲ್ಲಿ 50 ಗುಂಡಿ ಎಣಿಸಿದೆವು. ಜೀವ ಇದ್ದ ಗಿಡ 9. ಎರಡನೇ ಊರಿನಲ್ಲಿ ಗುಂಡಿಯೇ ಇರಲಿಲ್ಲ. ಅಲ್ಲಿಗೆ ಆ ಅನುದಾನ ನಿಂತಿತು, ಉಳಿದ ಹಣ ವಾಪಸ್ ಕೇಳಿದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಂಗಮ್ಮನ ಪೂಜೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದ ಮೇಷ್ಟ್ರಿಗೆ ಒಂಬತ್ತು ಪ್ರಶ್ನೆ ಕೇಳಿದ್ದೆ. ಸುಳ್ಳನ್ನು ನೀಟಾಗಿ ಬೈಂಡ್ ಮಾಡಿ ಕಳಿಸಿದವರಿಗೆ ಒಂದೂ ಕೇಳಿರಲಿಲ್ಲ. ಇಷ್ಟು ವರ್ಷ ನಾನು ನೋಡುತ್ತಿದ್ದದ್ದು ಕಾಗದವನ್ನು. ಕೆರೆಯನ್ನಲ್ಲ, ಗಿಡವನ್ನಲ್ಲ.

ನಾವು ಬದಲಾಯಿಸಿದ್ದು

ಈ ಎರಡೂ ಫೈಲನ್ನು ಅಕ್ಕಪಕ್ಕ ಇಟ್ಟು ನಮ್ಮ ಮುಖ್ಯಸ್ಥರಿಗೆ ನಾಲ್ಕು ಪುಟದ ಟಿಪ್ಪಣಿ ಬರೆದೆ. ನನ್ನ ತಪ್ಪನ್ನೂ ಬರೆದೆ. ಅವರು ಓದಿ ಮೊದಲು ಕೇಳಿದ್ದು, "ಆಡಿಟರ್ ಕೇಳಿದ್ರೆ ಏನ್ ಹೇಳೋದು?" ಎರಡು ಮೀಟಿಂಗ್ ಆಯಿತು. ಸ್ವಲ್ಪ ಜಗಳವೂ ಆಯಿತು. ಕೊನೆಗೆ ಕೆಲವು ಬದಲಾವಣೆಗೆ ಒಪ್ಪಿಗೆ ಸಿಕ್ಕಿತು.

ಒಂದು, ಕಂತಿನ ದಿನಾಂಕ ತ್ರೈಮಾಸಿಕದ ಪ್ರಕಾರ ಅಲ್ಲ, ಮಳೆಯ ಪ್ರಕಾರ. ಹೂಳೆತ್ತುವ ಕೆಲಸಕ್ಕೆ ಹೆಚ್ಚಿನ ಪಾಲು ಜನವರಿ ಫೆಬ್ರುವರಿಯಲ್ಲೇ ಹೋಗಬೇಕು. ಗಿಡಕ್ಕಾದರೆ ಗುಂಡಿ ತೋಡಲು ಏಪ್ರಿಲ್‌ನಲ್ಲಿ, ನೆಡಲು ಜೂನ್‌ನಲ್ಲಿ, ಆಮೇಲೆ ಮೂರು ಬೇಸಿಗೆ ನೀರು ಹಾಕಲು.

ಎರಡು, ಸಣ್ಣ ವ್ಯತ್ಯಾಸಕ್ಕೆ ಇಡೀ ಕಂತು ನಿಲ್ಲಿಸಬಾರದು. ತಕರಾರಿನ ಮೊತ್ತವನ್ನಷ್ಟೇ ಹಿಡಿದು ಉಳಿದದ್ದನ್ನು ಕಳಿಸಬೇಕು. ಮೇಷ್ಟ್ರ ವಿಷಯದಲ್ಲಿ 28,500 ಹಿಡಿದು ಉಳಿದದ್ದನ್ನು ಏಪ್ರಿಲ್‌ನಲ್ಲೇ ಕಳಿಸಿದ್ದರೆ ಆ ಗುಡ್ಡೆ ಹೊಲ ಸೇರಿರುತ್ತಿತ್ತು.

ಮೂರು, ಕ್ವೆರಿ ಕನ್ನಡದಲ್ಲಿ. ಮೊದಲು ಫೋನ್, ಆಮೇಲೆ ಇ-ಮೇಲ್.

ನಾಲ್ಕು, ಒಂದು ಪುಟದ ಟ್ರ್ಯಾಕ್ಟರ್ ಲಾಗ್ ಪುಸ್ತಕ. ತಾರೀಕು, ಗಾಡಿ ನಂಬರ್, ಎಷ್ಟು ಲೋಡ್, ಯಾರ ಹೊಲಕ್ಕೆ, ಡ್ರೈವರ್ ಫೋನ್ ನಂಬರ್, ಸಹಿ ಅಥವಾ ಹೆಬ್ಬೆಟ್ಟು. ಆಡಿಟರ್ ಇದನ್ನು ನೋಡಿ, "ಇದು ಜಿಎಸ್‌ಟಿ ಬಿಲ್ಲಿಗಿಂತ ಚೆನ್ನಾಗಿದೆ, ಫೋನ್ ಮಾಡಿ ಕೇಳಬಹುದು" ಅಂದರು.

ಐದು, ಕೆಲಸದ ಜಾಗದ ಊಟಕ್ಕೆ ಬಜೆಟ್‌ನಲ್ಲಿ ಒಂದು ಸಾಲು. ಬಿಸಿಲಲ್ಲಿ ಹತ್ತು ಗಂಟೆ ಗಾಡಿ ಓಡಿಸುವವರಿಗೆ ಮುದ್ದೆ ಸಾರು ಹಾಕೋದು ಅಕ್ರಮ ಅಲ್ಲ ಅಂತ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯಿತು.

ಪೂಜೆ ಖರ್ಚಿಗೆ ಇಂದಿಗೂ ಅವಕಾಶ ಇಲ್ಲ. ಅದು ಸರಿಯೇ. ಆದರೆ ಈಗ ಅದನ್ನು ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಬಾಯಲ್ಲಿ ಹೇಳುತ್ತೇವೆ.

ನೀವು ಈ ಕೆಲಸಕ್ಕೆ ಬರ್ತೀರಾ?

ಇತ್ತೀಚೆಗೆ ಅನೇಕರು ಕೇಳುತ್ತಾರೆ. ನಾನು ಓದಿದ್ದು ಬಿ.ಕಾಂ. ನನ್ನ ಜತೆಗಿರುವವರಲ್ಲಿ ಸಮಾಜಕಾರ್ಯ ಓದಿದವರಿದ್ದಾರೆ, ಪರಿಸರ ವಿಜ್ಞಾನದವರಿದ್ದಾರೆ, ಐಟಿ ಬಿಟ್ಟು ಬಂದವರೂ ಇದ್ದಾರೆ. ಎಕ್ಸೆಲ್ ಬರಬೇಕು, ಆಡಿಟ್ ವರದಿ ಓದೋಕೆ ಬರಬೇಕು. ಕೈಬರಹದ ಕನ್ನಡ ಪತ್ರ ಓದೋಕೆ ಬಂದರೆ ನೀವು ಅರ್ಧ ಗೆದ್ದಂತೆ. ಸಂಬಳ ನನ್ನ ಕಾಲೇಜಿನ ಗೆಳತಿಯರಿಗಿಂತ ಕಡಿಮೆ, ಸುಳ್ಳು ಹೇಳಲ್ಲ. ತಿಂಗಳಲ್ಲಿ ನಾಲ್ಕೈದು ದಿನ ಬಸ್ಸು, ಧೂಳು, ಯಾರದೋ ಮನೆ ಜಗಲಿಯಲ್ಲಿ ಕಾಫಿ. ಉಳಿದ ದಿನ ಪೂರ್ತಿ ಸ್ಪ್ರೆಡ್‌ಶೀಟ್.

ಕೆಲಸಕ್ಕೆ ಬರದಿದ್ದರೂ ಪರವಾಗಿಲ್ಲ, ಎಷ್ಟೋ ಜನ ಹುಟ್ಟುಹಬ್ಬಕ್ಕೆ ಗಿಡದ ಹೆಸರಲ್ಲಿ ಫೋನಿನಲ್ಲೇ ದುಡ್ಡು ಕಳಿಸುತ್ತೀರಿ. ಕಳಿಸುವ ಮುಂಚೆ ಸಂಸ್ಥೆಯ ಆಡಿಟ್ ವರದಿ ಕೇಳಿ. 80ಜಿ ರಸೀದಿ ಕೊಡ್ತಾರಾ ಕೇಳಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ವಿನಾಯಿತಿ ಸಿಗಲ್ಲ, ಅದು ಬೇರೆ ಮಾತು. ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ: ಎರಡನೇ ಬೇಸಿಗೆಯಲ್ಲಿ ಆ ಗಿಡಕ್ಕೆ ನೀರು ಹಾಕೋರು ಯಾರು? ಉತ್ತರವಾಗಿ ಒಂದು ಊರಿನ ಹೆಸರು, ಒಬ್ಬ ಮನುಷ್ಯರ ಹೆಸರು ಬಂದರೆ ಧೈರ್ಯವಾಗಿ ಕಳಿಸಿ.

ಮೇಷ್ಟ್ರ ಕೆರೆಗೆ ಮರುವರ್ಷ ಜನವರಿಯಲ್ಲೇ ಕೆಲಸ ಶುರುವಾಯಿತು. ಜಾರಿ ಹೋದ ಮಣ್ಣನ್ನು ಮತ್ತೆ ಎತ್ತಿದರು, ಕೋಡಿ ಕಟ್ಟಿದರು. ಆ ಖರ್ಚನ್ನು ನಮ್ಮ ಪ್ರತಿಷ್ಠಾನವೇ ಭರಿಸಿತು. ಟಿಪ್ಪಣಿಯಲ್ಲಿ ಕಾರಣದ ಜಾಗದಲ್ಲಿ 'ಅನುದಾನ ಬಿಡುಗಡೆಯಲ್ಲಿ ವಿಳಂಬ' ಅಂತ ನಾನೇ ಬರೆದು ಸಹಿ ಹಾಕಿದೆ.

ಆ ವರ್ಷ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಬಂತು. ಕೆರೆ ಕೋಡಿ ಬಿದ್ದಿತ್ತು. ಕಲ್ಲಿನ ಮೇಲೆ ನೀರು ಹಾಲಿನ ಹಾಗೆ ಇಳಿಯುತ್ತಿತ್ತು, ಪಕ್ಕದಲ್ಲಿ ನೀರುಗಂಟಿ ತಾತ ಕೈಕಟ್ಟಿ ನಿಂತಿದ್ದರು. ಕೆಳಗೆ ಮೇಷ್ಟ್ರು, ಬಹುಶಃ ಮೊಮ್ಮಗನ ಕೈಲಿ ಟೈಪ್ ಮಾಡಿಸಿದ್ದು:

"ಶುಕ್ರವಾರ ಗಂಗಮ್ಮನ ಪೂಜೆ. ಖರ್ಚು ಊರಿನವರದ್ದು, ನಿಮ್ಮ ಲೆಕ್ಕಕ್ಕೆ ಸೇರಿಸಿಲ್ಲ. ಊಟಕ್ಕೆ ಬನ್ನಿ."

ರಜೆ ಹಾಕಿ ಹೋದೆ.